ಅಲ್ಲಾಡಿಸಿ ಆರಿಸಿದ ವಜ್ರ

ತಿಪಟೂರಿನ ಕೊಬ್ಬರಿ ವ್ಯಾಪಾರಿ ಮಹಾಂತೇಶ, ಕಣ್ಮುಂದೆ ಮೂಟೆ ಬಿಚ್ಚಿದರೆ ಸಾಕು, ಮಾಲಿನ ಜಾತಕವನ್ನೆಲ್ಲ ಹೇಳಿಬಿಡುತ್ತಿದ್ದ. ಅಂಥವನು ವಜ್ರದಂಗಡಿಯ ಗಾಜಿನ ಮೇಜಿನ ಮುಂದೆ ಕಕ್ಕಾಬಿಕ್ಕಿಯಾಗಿ ಕೂತಿದ್ದ. ಮುಂದಿನ ವಾರ ನಿಶ್ಚಿತಾರ್ಥ. ಹಂದನಕೆರೆಯ ಹುಡುಗಿ ಮಧುಶ್ರೀ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು.

"ಉಂಗುರ ನೀವೇ ಆರಿಸ್ಬೇಕು ಕಣ್ರೀ. ನಿಮ್ಮಮ್ಮ ಅಲ್ಲ, ಫ್ರೆಂಡೂ ಅಲ್ಲ. ಹಿಂದೆ ನೋಡಕ್ಕೆ ಬಂದಿದ್ದ ಗಂಡಿಗೆ ಕಾಫಿಗೆ ಸಕ್ಕರೆ ಎಷ್ಟು ಅಂತ್ಲೂ ಅವರಮ್ಮನೇ ಹೇಳ್ಬೇಕಿತ್ತು. ಅದಕ್ಕೇ ಬ್ಯಾಡ ಅಂದೆ."

ಮಹಾಂತೇಶನಿಗೆ ಹುಡುಗಿ ತುಂಬಾ ಹಿಡಿಸಿದ್ದಳು. ಉಂಗುರ ಎಡವಟ್ಟಾದರೆ ತಾನೂ ಆ ಸಕ್ಕರೆ ಗಂಡಿನ ಸಾಲಿಗೆ ಸೇರುತ್ತೇನೆಂಬ ಭಯ ಅವನನ್ನು ಕೊರೆಯುತ್ತಿತ್ತು.

"ಕ್ಯಾರೆಟ್ ಅಂದ್ರೆ ತೂಕ ಸರ್," ಎಂದಳು ಅಂಗಡಿಯ ಲಿಖಿತಾ.

"ಚಿನ್ನಕ್ಕೆ ಕ್ಯಾರೆಟ್ ಅಂದ್ರೆ ಎಷ್ಟು ಶುದ್ಧ ಅಂತ ಅಲ್ವಾ?"

"ಅದು ಚಿನ್ನಕ್ಕೆ. ಇನ್ನು ಬಣ್ಣ ನೋಡಿ, 'ಡಿ'ಯಿಂದ ಶುರು."

"ಎ, ಬಿ, ಸಿ ಏನಾದ್ವು?"

"ಇಲ್ಲ ಸರ್, 'ಡಿ'ನೇ ಫಸ್ಟು. ಇಗೋ, ಇದು ಲ್ಯಾಬಲ್ಲಿ ಬೆಳೆದಿದ್ದು. ಅಪ್ಪಟ ವಜ್ರಾನೇ, ಬೆಲೆ ಕಮ್ಮಿ."

ವಜ್ರವನ್ನೂ ಬೆಳೆಯುತ್ತಾರೆ ಎಂದಾಗ, ನೀರು ಎಷ್ಟು ದಿನಕ್ಕೊಮ್ಮೆ ಕಟ್ಟುತ್ತಾರೆ ಎಂಬ ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಲಿಖಿತಾ ಪಾಪ, ತಾಳ್ಮೆಯವಳು. ಗಾತ್ರಕ್ಕೆ ಮರುಳಾಗಬೇಡಿ, ಬರಿಗಣ್ಣಿಗೆ ಕಾಣದ ಚುಕ್ಕೆಯಿದ್ದರೆ ಬೆಲೆ ಇಳಿಯುತ್ತದೆ, ಕಟ್ ಚೆನ್ನಾಗಿದ್ದರೆ ಹೊಳಪಿಗೆ ಮೋಸವಿಲ್ಲ ಎಂದಳು. ಇದಿಷ್ಟು ಅವನ ತಲೆಗೆ ಹೋಯಿತು. ಕೊನೆಗೆ ಎರಡು ಉಂಗುರ ಉಳಿದವು. ಅದೇ ತೂಕ, ಅದೇ ಬೆಲೆ, ಅದೇ ಹೊಳಪು. ಮತ್ತೆ ಪೀಕಲಾಟ.

ಅಷ್ಟರಲ್ಲಿ ಗೆಳೆಯ ಗಂಗಾಧರನ ಫೋನು. "ಅಮ್ಮಂಗೆ ಫೋಟೋ ಕಳ್ಸಿ ಕೇಳು ಕಣ್ಲಾ!"

"ಕಳ್ಸಲ್ಲ ಬುಡು," ಎಂದು ಫೋನಿಟ್ಟ.

ಲಿಖಿತಾ ಪೆಟ್ಟಿಗೆ ತರಲು ಒಳಗೆ ಹೋಗಿದ್ದಳು. ಆಗ ಅವನ ಕೈ ತನ್ನ ಪಾಡಿಗೆ ತಾನು ಒಂದು ಉಂಗುರವನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿತು. ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿತು. ಟಿಕ್ ಟಿಕ್!

ಅವನ ಮುಖ ಅರಳಿತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ನೀರು ಇಂಗಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಾಗಲೇ ಅಲ್ಲಾಡಿಸಿದರೆ ಸದ್ದು ಬರುವುದು. ಸದ್ದು ಬಂದರೆ ಮಾಲು ಪಕ್ಕಾ. ಹುಟ್ಟಿದಾಗಿನಿಂದ ಆ ಕಿವಿ ಕಲಿತದ್ದು ಇಷ್ಟೇ.

"ಇದೇ ಕೊಡಿ," ಎಂದ ಗತ್ತಿನಿಂದ, ಲಿಖಿತಾ ಹೊರಗೆ ಬರುತ್ತಲೇ.

ನಿಶ್ಚಿತಾರ್ಥದ ದಿನ ಉಂಗುರ ತೊಡಿಸಿದ್ದಾಯಿತು. ಎಲ್ಲರಿಗೂ ಕಾಣಲೆಂದು ಮಧುಶ್ರೀ ಕೈಯೆತ್ತಿ ಆಡಿಸಿದಳು. ಉಂಗುರದ ನಡುವೆ ಬರೀ ಗುಳಿ! ಕಲ್ಲು ಎದುರಿಗಿದ್ದ ಕಲ್ಲುಸಕ್ಕರೆ ತಟ್ಟೆಗೆ ಹಾರಿ ಬಿದ್ದಿತ್ತು. ತಟ್ಟೆಯ ತುಂಬ ಹೊಳೆಯುವ ಹರಳುಗಳೇ.

"ಯಾರೂ ಸಕ್ರೆ ಬಾಯಿಗಾಕ್ಬೇಡ್ರಪ್ಪಾ!" ಎಂದು ಹುಡುಗಿಯ ಅಪ್ಪ ಮರುಳಪ್ಪ ಕೂಗಿದ. ಆಗಷ್ಟೇ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದ ಹುಡುಗಿಯ ಸೋದರತ್ತೆ ಭೈರಮ್ಮ ನುಂಗಲೂ ಆಗದೆ, ಉಗಿಯಲೂ ಆಗದೆ, ಕೆನ್ನೆ ಉಬ್ಬಿಸಿಕೊಂಡು ಕೂತುಬಿಟ್ಟಳು.

ಮಹಾಂತೇಶ ಬಗ್ಗಿ ತಟ್ಟೆಯ ಹರಳುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದ. ಮಧುಶ್ರೀ ಮಾತ್ರ ಬೋಗುಣಿಯಲ್ಲಿ ಬಿಸಿನೀರು ತರಿಸಿ, ತಟ್ಟೆಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದಳು. ಸಕ್ಕರೆ ಕರಗಲಿ ಎಂದು ಕೈಯಾಡಿಸುತ್ತ, ಅವನಿಗಷ್ಟೇ ಕೇಳುವಂತೆ ಕೇಳಿದಳು.

"ನಿಜ ಹೇಳಿ. ಯಾರು ಆರಿಸಿದ್ದು ಇದನ್ನ?"

"ನಾನೇ ಕಣ್ರೀ."

"ಏನ್ ನೋಡಿ ಆರಿಸಿದ್ರಿ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಎರಡೂ ಒಂದೇ ಥರ ಇದ್ವು. ಏನೂ ಗೊತ್ತಾಗ್ಲಿಲ್ಲ. ಅಲ್ಲಾಡ್ಸಿ ನೋಡ್ದೆ... ಇದು ಸದ್ದು ಮಾಡ್ತು."

ಮಧುಶ್ರೀಯೂ ಕೊಬ್ಬರಿ ಅಟ್ಟದ ಕೆಳಗೇ ಬೆಳೆದವಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಯಾಕೆ ನಗುತ್ತಿದ್ದಾಳೋ, ಮದುವೆ ಉಳಿಯಿತೋ ಮುರಿಯಿತೋ, ಅವನಿಗೆ ಒಂದೂ ತಿಳಿಯಲಿಲ್ಲ.

"ಹಂಗಾದ್ರೆ ನೀವೇ ಆರಿಸಿದ್ದು," ಎಂದಳು. "ಬೇರೆ ಯಾರೇ ಆಗಿದ್ರೂ ಸದ್ದು ಮಾಡೋ ಉಂಗುರ ತತ್ತಿರ್ಲಿಲ್ಲ."

ಬೋಗುಣಿಯ ತಳದಿಂದ ಕರಗದೆ ಉಳಿದಿದ್ದ ಕಲ್ಲನ್ನು ಎತ್ತಿ, ಅವನ ಅಂಗೈಗಿಟ್ಟು, ಅದರ ಮೇಲೆ ತನ್ನ ಬೆರಳುಗಳನ್ನು ಒತ್ತಿ ಹಿಡಿದಳು.

"ಗಟ್ಟಿಯಾಗಿ ಕೂರಿಸ್ಕೊಂಡು ಬನ್ನಿ. ಕಾಯ್ತಿರ್ತೀನಿ."

ಸಕ್ಕರೆ ನೀರಿನಿಂದ ಅಂಟಂಟಾಗಿದ್ದ ಆ ಬೆರಳುಗಳು ಅವನ ಅಂಗೈ ಬಿಟ್ಟು ಏಳಲು ತುಸು ತಡವಾಯಿತು.