ಸೊಟ್ಟ ರೆಕ್ಕೆಯ ರೋಹು

ನಾನು ಒಂದು ರೋಹು ಮೀನು. ಹಿನ್ನೀರಿನ ದಂಡೆಯ ಮೀನು ಸಾಕಣೆ ಕೇಂದ್ರದ ಸಿಮೆಂಟು ತೊಟ್ಟಿಯಲ್ಲಿ ಹುಟ್ಟಿದೆ. ಹೆತ್ತ ತಾಯಿಯ ಮುಖ ಕಂಡವನಲ್ಲ. ಮೊದಲು ಕಂಡದ್ದು ಸಂಶೋಧಕಿ ಶಾಂಭವಿ ಮೇಡಂ ಮುಖ. ಆ ಮುಖದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನೀರಿಗೆ ಬಿಟ್ಟ ಮರಿಗಳಲ್ಲಿ ಎಷ್ಟು ಬದುಕುತ್ತವೆಂದು ಆಕೆಗೆ ತಿಳಿಯಬೇಕಿತ್ತು. ಅದಕ್ಕೊಂದು ಗುರುತು ಬೇಕು. ಯಾವ ಗುರುತು ಒಳ್ಳೆಯದೆಂಬ ಪರೀಕ್ಷೆ ನಮ್ಮ ಮೈಮೇಲೆಯೇ ನಡೆಯಿತು. ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಮುಳುಗಿಸಿ ನಮಗೆ ಮಂಪರು ಬರಿಸಿದರು. ಅರ್ಧದಷ್ಟು ಮರಿಗಳ ಬೆನ್ನಿಗೆ ಸೂಜಿಯಿಂದ ತಂತಿ ಪೋಣಿಸಿ ಬಿಲ್ಲೆ ಕಟ್ಟಿದರು. ಉಳಿದ ನಮಗೆ ಹೊಟ್ಟೆಯ ಕೆಳಗಿನ ಎಡ ರೆಕ್ಕೆಯನ್ನು ಕಚಕ್ಕನೆ ಕತ್ತರಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ದೋಣಿಯ ಹುಸೇನಸಾಬ ನಮ್ಮನ್ನು ಹಿನ್ನೀರಿಗೆ ಬಿಟ್ಟ. ತಂತಿ ಹೊತ್ತವರ ಗಾಯಕ್ಕೆ ಹತ್ತಿಯಂಥ ಬೂಷ್ಟು ಹಿಡಿಯಿತು. ನನ್ನ ಪಕ್ಕದಲ್ಲಿ ಈಜುತ್ತಿದ್ದವರೇ ಮಗುಚಿಕೊಂಡು ತೇಲಿಹೋದರು. ನನ್ನ ರೆಕ್ಕೆ ಮಾತ್ರ ತುಸು ಸೊಟ್ಟಗೆ ಮತ್ತೆ ಬೆಳೆಯಿತು.

ಮರುವರ್ಷ ಬಲೆಗೆ ಬಿದ್ದೆ. ಆಕೆ ನನ್ನನ್ನು ಎತ್ತಿ, ರೆಕ್ಕೆ ಇದೆಯಲ್ಲ ಎಂದು ಮೇಲ್ಮೇಲೆ ನೋಡಿದಳು.

"ಇದು ನಮ್ದಲ್ಲ, ಹುಸೇನಸಾಬ್ರ. ತಂತೀವು ನಾಕಾರ ಸಿಕ್ಕಾವು. ಕತ್ತರಿಸಿದ್ದು ಒಂದೂ ಉಳದಿಲ್ಲ. ಇನ್ಮುಂದ ಎಲ್ಲಾಕ್ಕೂ ತಂತಿನೇ ಹಾಕೋಣು."

ಬದುಕಿರುವ ನನ್ನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಆಡಿದ ಮಾತಿದು. ಮೈಯೆಲ್ಲ ಉರಿದುಹೋಯಿತು. ಆಕೆ ನನ್ನನ್ನು ಮತ್ತೆ ನೀರಿಗೆಸೆದಳು.

ಮುಂದೆ ಬಂದ ಮರಿಗಳ ಬೆನ್ನಿಗೆಲ್ಲ ತಂತಿ. ಬಂದವು, ಕೊಳೆತವು, ತೇಲಿದವು. ವರ್ಷ ವರ್ಷವೂ ಅದನ್ನೇ ನೋಡಿದೆ. ಬಲೆ ಕಂಡರೆ ಕೆಸರಿಗಿಳಿಯುವ ಹಳೆಯ ಹುಲಿ ನಾನು. ಆದರೂ ಹುಸೇನಸಾಬನ ದೋಣಿಯಿಂದ ಆಕೆಯ ದನಿ ಕೇಳಿದ ದಿನ ನೇರವಾಗಿ ಬಲೆಗೇ ನುಗ್ಗಿದೆ. ಸತ್ತರೂ ಸರಿಯೇ, ಒಮ್ಮೆ ಆಕೆ ನನ್ನನ್ನು ಸರಿಯಾಗಿ ನೋಡಲಿ ಎನಿಸಿತ್ತು.

ತೂಗಲು ಎತ್ತಿದಾಗ ಆಕೆಯ ಹೆಬ್ಬೆರಳು ಸೊಟ್ಟ ರೆಕ್ಕೆಗೆ ತಾಗಿ ಅಲ್ಲೇ ನಿಂತಿತು.

"ಹುಸೇನಸಾಬ್ರ, ಇದನ್ನ ನಾವ ಕತ್ತರಿಸಿದ್ದು."

"ಅವೆಲ್ಲಾ ಸತ್ತಾವು ಅಂದಿದ್ರಲ್ರಿ ಮೇಡಂ?"

ಆಕೆ ನನ್ನ ರೆಕ್ಕೆಯನ್ನು ಬಿಡಿಸಿ ನೋಡಿದಳು. ನಾನು ಬಾಲದಿಂದ ಆಕೆಯ ಕೆನ್ನೆಗೆ ಬಿಗಿದೆ. ಆಕೆ ಕೆನ್ನೆ ಒರೆಸಿಕೊಳ್ಳದೆ ನನ್ನನ್ನು ಮೆಲ್ಲಗೆ ನೀರಿಗಿಳಿಸಿದಳು.

ಈಗ ನನಗೆ ವಯಸ್ಸಾಗಿದೆ. ಮುಳುಗಡೆಯಾದ ಊರಿನ ಒಂದು ಗೋಡೆಯ ಮರೆಯಲ್ಲಿರುತ್ತೇನೆ. ಈ ವರ್ಷ ಬಂದ ಮರಿಗಳ ಬೆನ್ನು ನುಣುಪಾಗಿದೆ. ನನ್ನ ಸುತ್ತಲೇ ಆಡಿಕೊಂಡಿವೆ. "ಅಜ್ಜಾ, ಇನ್ನೂ ಯಾಕ ಸಿಟ್ಟು?" ಎಂದು ಕೇಳುತ್ತವೆ.

ಆಕೆ ಸರಿಯಾಗಿ ನೋಡದೆ ಹೋದ ಆ ಒಂದು ಗಳಿಗೆಗೆ ಎಷ್ಟು ಮರಿಗಳು ಸತ್ತವೆಂದು ಇವಕ್ಕೆ ಹೇಗೆ ಹೇಳಲಿ?