ಒಂದೇ ಮನೆಯಲ್ಲಿ ಎರಡು ಶಶಿರೇಖೆ

ಶ್ರಾವಣದ ಸಂಜೆಗಳಲ್ಲಿ ಗುಂಡ್ಲುಪೇಟೆ ಸೀಮೆಯ ಮೇಲೆ ಇಳಿಯುವ ಬೆಳಕನ್ನು ನೋಡದವರು ಬೆಳಕನ್ನೇ ನೋಡಿಲ್ಲವೆಂದು ಧೈರ್ಯವಾಗಿ ಹೇಳಬಹುದು, ಸಹೃದಯ ಓದುಗರೆ! ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಿಂದ ಹೊರಟ ಮಂಜು ಇಳಿಜಾರುಗಳನ್ನೆಲ್ಲ ನೇವರಿಸುತ್ತ ಬಂದು, ಬೇಗೂರಿನ ಚೆಂಡುಹೂವಿನ ಹೊಲಗಳ ಅಂಚಿನಲ್ಲಿ ಮಂತ್ರಮುಗ್ಧವಾಗಿ ನಿಂತುಬಿಡುತ್ತದೆ. ಸೂರ್ಯನಾದರೋ ದಿನವೂ ಮುಂಜಾನೆ ಈ ಹೊಲಗಳಲ್ಲಿ ಒಂದು ಸುತ್ತು ಹೊರಳಾಡಿ, ಮೈಗೆ ಬಣ್ಣ ಹತ್ತಿಸಿಕೊಂಡೇ ಮೇಲೇರುತ್ತಾನೆಂಬುದು ಮೂರು ಲೋಕಕ್ಕೂ ತಿಳಿದ ಸಂಗತಿ. ಸುಳ್ಳೆನಿಸಿದರೆ ಬಸ್ಸು ಹತ್ತಿ ಬಂದು ನೋಡಿ. ಹಳದಿ ಮೆತ್ತದೆ ಹಿಂದಿರುಗಿದವರು ಇನ್ನೂ ಹುಟ್ಟಿಲ್ಲ.

ಅಂಥ ಸೂರ್ಯವರ್ಣದ ಊರಿನಲ್ಲಿ ಒಂದು ಹೆಣ್ಣುಜೀವ ಚಂದ್ರನಿಗಾಗಿ ಕೊರಗಿತು...

ಅವಳು ಕುದೇರಿನ ಹುಡುಗಿ. ಶಶಿರೇಖಾ ಎಂದು ಹೆಸರು. ಶಶಿರೇಖೆಯೆಂದರೆ ಬಿದಿಗೆಯ ಆಗಸದಲ್ಲಿ ಬೆಳ್ಳಿಯ ನೂಲಿನಂತೆ ಬಾಗಿ ನಿಲ್ಲುವ ಚಂದ್ರನ ಗೆರೆ. ಬೇಗೂರಿನ ಹೂವಿನ ವ್ಯಾಪಾರಿ ಸೋಮಶೇಖರನೊಂದಿಗೆ ಸಂಬಂಧ ಕೂಡಿದಾಗ, ಆ ಹುಡುಗಿ ವರನ ಮುಖಕ್ಕಿಂತ ಮೊದಲು ಅವನ ಹೆಸರನ್ನು ಪ್ರೀತಿಸಿದಳು. ಸೋಮಶೇಖರ... ಚಂದ್ರನನ್ನು ಮುಡಿಯಲ್ಲಿ ಧರಿಸಿದವನು! ಹಾಗಾದರೆ ತಾನು ಏರಿ ಕೂರಬೇಕಾದ ತಾವು ಅವನ ನೆತ್ತಿಯೇ ಎಂದು ಅವಳು ಕನ್ನಡಿಯ ಮುಂದೆ ನಕ್ಕಳು. ಆ ನಗುವಿಗೆ ಕುದೇರಿನ ಮಲ್ಲಿಗೆಯೆಲ್ಲ ಒಂದು ವಾರ ಮೊದಲೇ ಅರಳಿತೆಂದು ಹೇಳುವವರಿದ್ದಾರೆ. ಇಲ್ಲವೆನ್ನಲು ನಾವು ಯಾರು?

ಆದರೆ ಆ ನೆತ್ತಿಯ ಮೇಲೆ ಇನ್ನೊಬ್ಬಳು ಮೊದಲೇ ಕುಳಿತಿದ್ದಳು. ಸೋಮಶೇಖರನ ತಾಯಿಯ ಹೆಸರೂ ಶಶಿರೇಖಾ! ಮಗನ ತಲೆಯ ಮೇಲೆ ಎಂದೆಂದಿಗೂ ತಾನೇ ಇರಬೇಕೆಂದು ಆ ತಾಯಿ ಹಟ ಹಿಡಿದು ಅವನಿಗೆ ಆ ಹೆಸರಿಟ್ಟಿದ್ದಳು. ಸೊಸೆ ಹೊಸಿಲ ಅಕ್ಕಿ ಒದ್ದು ಒಳಬಂದ ಗಳಿಗೆಯಲ್ಲೇ ತೀರ್ಪು ಹೊರಬಿತ್ತು.

"ಒಂದೇ ಮನೇಲಿ ಎಲ್ಡು ಶಶಿರೇಖ ಇದ್ರ ನನ್ ಮಗ ಯಾರ್ನ ಕೂಗ್ದಂಗಾಯ್ತದವ್ವ? ನಿನ್ ಮ್ಯಾಲ ಕ್ವಾಪ ಬಂದಾಗ ಎತ್ತವ್ವನ ಎಸ್ರಿಡ್ದು ಬಯ್ಯಕ್ಕಾಯ್ತದ? ಇವತ್ತಿಂದ ನೀನು ಕುಮಾರಿ ಕಣವ್ವ."

ಮದುವೆಯಾದ ದಿನವೇ ಕುಮಾರಿಯೆಂಬ ಹೆಸರು! ನೆರೆದವರೆಲ್ಲ ನಕ್ಕರು. ಮದುಮಗಳು ತಲೆ ತಗ್ಗಿಸಿದಳು. ಅತ್ತೆ ಕೆಟ್ಟವಳಲ್ಲ. ಹಬ್ಬದ ಒಬ್ಬಟ್ಟಿನಲ್ಲಿ ಮೊದಲನೆಯದನ್ನು ಸೊಸೆಯ ಎಲೆಗೇ ಹಾಕುವಳು. ಆದರೂ ತಾನು ಹುಟ್ಟಿದಂದಿನಿಂದ ಉಟ್ಟ ಹೆಸರನ್ನು ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬಂದ ಹೆಣ್ಣಿನ ಎದೆಯಲ್ಲಿ ಒಂದೇ ಒಂದು ಆಸೆ ಉಳಿಯಿತು: ಒಮ್ಮೆ, ಒಂದೇ ಒಮ್ಮೆ, ಅವನ ಬಾಯಲ್ಲಿ ತನ್ನ ಹೆಸರನ್ನು ಕೇಳಬೇಕು.

ಸೋಮಶೇಖರ ಆ ಆಸೆಯನ್ನು ಅರಿಯದವನಲ್ಲ. ಗುಂಡ್ಲುಪೇಟೆಯ ಹೂವಿನ ವ್ಯಾಪಾರದಲ್ಲಿ ಅವನು ಕಾಣದ ಊರಿನವರಿಲ್ಲ, ಕೇಳದ ಭಾಷೆಯಿಲ್ಲ. ವಯನಾಡಿನ ವ್ಯಾಪಾರಿಯೊಬ್ಬ ತನ್ನ ಮಗಳ ಹೆಸರು ಅಂಬಿಳಿ ಎಂದ. ಮಲಯಾಳದಲ್ಲಿ ಅದು ಚಂದ್ರ. ಸತ್ಯಮಂಗಲದ ಮುದುಕನ ಮೊಮ್ಮಗಳು ಇಳಂಪಿರೈ, ತಮಿಳರ ಎಳೆಚಂದ್ರ. ಚಾಮರಾಜನಗರದ ಬಳೆಯಂಗಡಿಯ ಅಜ್ಜಿ ಮಹಜಬೀನ್. ಚಂದ್ರನಂಥ ಹಣೆಯವಳು ಎಂದು ಪಾರಸಿಯ ಅರ್ಥ. ಪಾರಸಿಗರು ಹೆಣ್ಣಿನ ಹಣೆಯಲ್ಲಿ ಕಂಡ ಚಂದ್ರನನ್ನೇ ನಮ್ಮವರು ಶಿವನ ಜಡೆಯಲ್ಲಿ ಕಂಡರಲ್ಲ! ಹೊಲದ ನಡುವೆ ಪಟ ತೆಗೆಸಿಕೊಳ್ಳಲು ಇಳಿದ ವಿದೇಶಿ ಹುಡುಗಿಯೊಬ್ಬಳು ಸೆಲೀನಾ; ಗ್ರೀಕರ ಚಂದ್ರದೇವತೆ. ಹೀಗೆ ಭೂಮಂಡಲದ ಚಂದ್ರರನ್ನೆಲ್ಲ ಬುಟ್ಟಿಯಲ್ಲಿ ಹೇರಿಕೊಂಡು ಅವನು ಸಂಜೆ ಮನೆಗೆ ಬರುತ್ತಿದ್ದ.

"ಏನ್ ಮಹಜಬೀನವ್ರೇ, ಮುದ್ದೆ ಆಯ್ತಾ?"

"ಲೋಕದ್ ಚಂದ್ರನ್ನೆಲ್ಲ ತಂದು ಸುರೀರಿ," ಅವಳು ಮುದ್ದೆ ಕೋಲು ತಿರುವುತ್ತಲೇ ಹೇಳುವಳು, "ನನ್ದೊಂದ ಬುಟ್ಟು."

"ಅವ್ವನ ಎಸ್ರು ಕಣೇ. ನಾಲ್ಗ ಏಳಲ್ಲ."

"ಬುಡಿ, ಕುಂತ್ಕಳಿ. ಸಾರು ಆರೋಯ್ತದ."

ಮೂರು ವರ್ಷ ಕಳೆದು ಒಂದು ಮಾಘದಲ್ಲಿ ಅತ್ತೆ ಹಾಸಿಗೆ ಹಿಡಿದಳು. ಆಗ ಸೊಸೆಗೆ ಐದು ತಿಂಗಳು. ಗಂಜಿ ಕುಡಿಸುತ್ತಿದ್ದ ಅವಳ ಮಣಿಕಟ್ಟನ್ನು ಹಿಡಿದು ಆ ವೃದ್ಧೆ, ಎಣ್ಣೆ ತೀರಿದ ದೀಪದಂಥ ದನಿಯಲ್ಲಿ ನುಡಿದಳು:

"ನಿನ್ ಎಸ್ರ ನಾನು ಕಿತ್ಕಬುಟ್ಟಿ ಕೂಸು. ನಾನೋದ್ ಮ್ಯಾಲ ಅದ ನೀನೇ ಮಡಿಕ. ಮಗ ಬರ್ಲಿ, ಅವಂಗೂ ಯೋಳ್ತೀನಿ."

ಮಗ ಬರುವ ಹೊತ್ತಿಗೆ ಆ ತುಟಿಗಳು ತಣ್ಣಗಾಗಿದ್ದವು. ಕೊಟ್ಟ ಮಾತು ಸೊಸೆಯೊಬ್ಬಳ ಕಿವಿಯಲ್ಲೇ ಉಳಿಯಿತು. ಸೋಮಶೇಖರ ಕಣ್ಣೀರು ಹಾಕಲಿಲ್ಲ, ಬೆಟ್ಟದ ಬಂಡೆಯಂತಾದ. ಇಂಥ ದುಃಖದ ಮುಂದೆ ಹೆಸರಿನ ಮಾತೆತ್ತುವುದು ಹೇಗೆ? ಇಂದಲ್ಲ ನಾಳೆ ಎಂದು ಅವಳು ಕಾದಳು...

ಜ್ಯೇಷ್ಠದಲ್ಲಿ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲ ದಿನ, ಸತ್ತವಳ ತಂಗಿ ಪುಟ್ಟಮಲ್ಲಮ್ಮ ಕೂಸಿನ ಗಲ್ಲ ಮುಟ್ಟಿ ಹೇಳಿದಳು, "ನಮ್ಮಕ್ಕನೇ ಬಂದವ್ಳ ಕಣಪ್ಪ ಸೋಮು. ಅವಳೆಸ್ರನ್ನೇ ಮಡಗು." ಮತ್ತೆ ಬಾಣಂತಿಯ ಕಡೆಗೆ ತಿರುಗಿ, "ಅತ್ತೆ ಎಸ್ರ ಸೊಸೆ ಕೂಗಂಗಿಲ್ಲ. ನೀನು ಪುಟ್ಟಿ ಗಿಟ್ಟಿ ಅಂತ ಏನಾರ ಕರ್ಕಳವ್ವ."

ಸೋಮಶೇಖರ ತೊಟ್ಟಿಲ ಬಳಿ ಮಂಡಿಯೂರಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಮೋಡ ಸರಿದ ಬಯಲಿನಂಥ ಒಂದು ಹೊಳಪು.

"ಅವ್ವನೆಸ್ರು ಮಡಗನ?" ಎಂದು ಹೆಂಡತಿಯನ್ನು ಕೇಳಿದ.

ಒಂದು ಮಾತು ಸಾಕಿತ್ತು. ಅತ್ತೆ ನನಗೆ ಕೊಟ್ಟು ಹೋಗಿದ್ದಾರೆ ಎಂದಿದ್ದರೆ ಅವನು ತಡೆಯುತ್ತಿದ್ದ. ಆದರೆ ಅವನ ಕಣ್ಣಿನ ಆ ಹೊಳಪು... ಅದನ್ನು ಆರಿಸಿ ಪಡೆದ ಹೆಸರಿಗೆ ಬೆಳಕೆಲ್ಲಿಯದು?

"ಮಡಗಿ," ಎಂದಳು.

ಅಂದಿನಿಂದ ಆ ಹೆಸರು ಅವಳ ನಾಲಿಗೆಗೂ ನಿಷಿದ್ಧವಾಯಿತು. ತಾನು ಹೆತ್ತ ಮಗುವನ್ನು ತನ್ನದೇ ಹೆಸರಿನಿಂದ ಕರೆಯಲಾಗದ ತಾಯಿ ಬೇಗೂರಿನಲ್ಲಿ ಬದುಕಿದಳು. ಹಾಲೂಡಿಸುವಾಗ ಪುಟ್ಟಿ ಎನ್ನುವಳು, ತೂಗುವಾಗ ಬರಿದೇ ಗುನುಗುವಳು.

ಕಾರ್ತಿಕದ ಒಂದು ಸಂಜೆ. ಮಗು ಮಲಗಿತ್ತು. ಅವಳು ಒಲೆಯ ಮುಂದಿದ್ದಳು. ಮಾರುಕಟ್ಟೆಗೆ ಹೂವು ಹಾಕಿ ಬಂದ ಸೋಮಶೇಖರ ಜಗುಲಿಯಲ್ಲಿ, ತಾಯಿ ಕೂರುತ್ತಿದ್ದ ಕಂಬದ ಬಳಿ ಕುಸಿದು ಕುಳಿತ. ಹುಟ್ಟಿದಂದಿನಿಂದ ಯಾವ ಮಗನೂ ತಾಯಿಯನ್ನು ಹೆಸರು ಹಿಡಿದು ಕರೆದಿಲ್ಲ. ಮಗಳ ನೆಪದಲ್ಲಿ ಈಗ ಅವನ ನಾಲಿಗೆ ಅದಕ್ಕೆ ಪಳಗಿತ್ತು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದುದೆಲ್ಲ ಒಡೆದು, ಕತ್ತಲಾಗುತ್ತಿದ್ದ ಬೀದಿಯ ಕಡೆಗೆ ಮುಖ ಮಾಡಿ ಅವನು ಕರೆದ:

"ಶಶಿರೇಖಾ..."

ತೊಟ್ಟಿಲ ಕೂಸನ್ನು ಯಾರೂ ಅಂಥ ದನಿಯಲ್ಲಿ ಕರೆಯುವುದಿಲ್ಲ. ಹೆಂಡತಿಯನ್ನೂ ಇಲ್ಲ. ಅದು ತನಗಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೈಯೆಲ್ಲ ಕಿವಿಯಾಗಿ, ಸೌಟು ಕೈಯಿಂದ ಜಾರಿ, ಬಾಯಿ ತಾನೇ ಓಗೊಟ್ಟಿತು.

"ಓ... ಬಂದಿ."

ಬಾಗಿಲಲ್ಲಿ ನಿಂತವಳನ್ನು ಅವನು ಒದ್ದೆಗಣ್ಣಿನಿಂದ ನೋಡಿದ. "ನಾನು ಅವ್ವನ್ನ..." ಎಂದು ತಡವರಿಸಿದ.

"ಗೊತ್ತು ಬುಡಿ," ಎಂದು ಅವಳು ಪಕ್ಕದಲ್ಲಿ ಕುಳಿತು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. "ಅವ್ರು ಬರಕ್ಕಾಗಲ್ವಲ್ಲ. ಅದ್ಕೇ ನಾನು ಬಂದಿ."

ಅವನು ಅತ್ತ. ಅವಳೂ ಅತ್ತಳು, ತನ್ನ ಕಣ್ಣೀರು ಯಾವುದಕ್ಕೆಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಜನ್ಮಾಂತರಗಳಿಂದ ಮನುಷ್ಯರು ಹೋದವರನ್ನೇ ಕರೆಯುತ್ತ ಬಂದಿದ್ದಾರೆ, ಓದುಗರೆ... ಪ್ರತಿಸಾರಿಯೂ ಓಗೊಟ್ಟವರು ಮಾತ್ರ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿದ್ದವರು.