ಗಡಿಯೊಳಗೆ ಇಳಿಸಿದ ಬುಟ್ಟಿ

ನಮ್ಮೂರಿನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಎಮ್ಮೆದೊಡ್ಡಿ ಹುಲ್ಲುಗಾವಲಿನ ಅಂಚಿಗೆ ಅರವತ್ತು ಮನೆ, ರಾಗಿ ಹೊಲ, ಒಂದಿಷ್ಟು ತೆಂಗು. ಒಬ್ಬನ ಮನೆ ಸೂರು ಬಿದ್ದರೆ ಹತ್ತು ಮನೆಯವರು ಹುಲ್ಲು ಹೊತ್ತು ತರುತ್ತಿದ್ದೆವು.

ಪ್ಲೇಗು ರೈಲಿನಲ್ಲಿ ಬಂತು ಎನ್ನುತ್ತಿದ್ದರು. ಹೇಗೋ ಬಂತು. ಪಕ್ಕದ ಗುಬ್ಬಿಕಟ್ಟೆಯಲ್ಲಿ ಅಟ್ಟದಿಂದ ಇಲಿ ಸತ್ತು ಉದುರತೊಡಗಿದವು, ಹಿಂದೆಯೇ ಜನ. ಆ ಊರಿಗೆ ಕೊಟ್ಟಿದ್ದ ನನ್ನ ತಂಗಿ ಹುಚ್ಚಮ್ಮ ಆಗ ಏಳು ತಿಂಗಳ ಬಸುರಿ. ಅವಳನ್ನು ಅಲ್ಲಿಂದ ಎತ್ತಿಕೊಂಡು ಬರಬೇಕು, ನನಗೆ ಬೇರೆ ಯೋಚನೆಯೇ ಇರಲಿಲ್ಲ. ಹತ್ತು ದಿನ ಹೊಲದ ಗುಡಿಸಲಲ್ಲಿ ಇರಿಸಿ, ಆಮೇಲೆ ಊರೊಳಕ್ಕೆ ತರುವುದೆಂದು ಪಟೇಲ ಹನುಮಂತಪ್ಪನವರನ್ನು ಒಪ್ಪಿಸಿದೆ. ಬುಧವಾರ ಬೆಳಗ್ಗೆ ಹೊರಟು ಬಾ, ಗಡಿಯಲ್ಲಿ ನಾನೇ ಇರುತ್ತೇನೆ ಎಂದು ಕುರಿ ಕಾಯುವ ಬೀರಪ್ಪನ ಕೈಲಿ ಹೇಳಿ ಕಳಿಸಿದೆ.

ಆಗ ನಮ್ಮೂರಿನವರು ಗಡಿ ಕಾಯುತ್ತಿದ್ದುದಕ್ಕೆ ಕಾರಣವಿತ್ತು. ಊರಿಗೆ ರೋಗ ಬಿದ್ದರೆ ಹೊಸ ಬಿದಿರುಬುಟ್ಟಿಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆಯ ಕಣ, ತೆಂಗಿನಕಾಯಿ ಇಟ್ಟು, ಅದನ್ನೇ ಮಾರಿಯೆಂದು ಪೂಜಿಸಿ, ಪಕ್ಕದೂರಿನ ಎಲ್ಲೆಯೊಳಗೆ ಇಳಿಸಿ, ತಿರುಗಿ ನೋಡದೆ ಬರಬೇಕು. ಇಳಿಸಿದರೆ ಮುಗಿಯಿತು, ಮಾರಿ ಆ ಊರಿನವಳು. ನಾವೂ ಹಿಂದೆ ಗುಬ್ಬಿಕಟ್ಟೆಗೆ ಇಳಿಸಿ ಬಂದವರೇ. ಅದಕ್ಕೆ ಗುಡಿಯ ಮುಂದೆ ಊರು ಸೇರಿದಾಗ ಎದ್ದು ನಿಂತು ಹೇಳಿದವನು ನಾನೇ.

"ಗಂಡ್ಸಾಗ್ಲಿ ಹೆಂಗ್ಸಾಗ್ಲಿ, ಬುಟ್ಟಿ ಹೊತ್ಕೊಂಡು ಗಡಿ ದಾಟಿದ್ರೆ ಮುಖ ನೋಡ್ಬೇಡಿ. ಹೊಡ್ದು ಕೆಡವಿ."

ಎಲ್ಲರೂ ದೇವರ ಮುಂದೆ ಕೈ ಮೇಲೆ ಕೈ ಹಾಕಿ ಆಣೆ ಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬುಧವಾರ ಗಡಿಕಲ್ಲಿನ ಬಳಿ ದೊಣ್ಣೆ ಹಿಡಿದು ಎಂಟು ಜನ ಇದ್ದೆವು. ಬಿಸಿಲೇರುವ ಹೊತ್ತಿಗೆ ಹುಚ್ಚಮ್ಮ ಕಂಡಳು. ತಲೆಯ ಮೇಲೆ ಹೊಸ ಬುಟ್ಟಿ. ಬಸುರಿ ಹೆಣ್ಣನ್ನು ಯಾವ ಅತ್ತೆ ತಾನೇ ತವರಿಗೆ ಬರಿಗೈಯಲ್ಲಿ ಕಳಿಸುತ್ತಾಳೆ? ಬರಿಗೈಲಿ ಬಾ ಎಂದು ಹೇಳಿ ಕಳಿಸುವುದನ್ನೇ ಮರೆತಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಬಿಸಾಕೇ ಅದ್ನ. ಅಲ್ಲೇ ಬಿಸಾಕು," ಎಂದು ಕೂಗಿದೆ.

ಹೊಟ್ಟೆಯಲ್ಲಿ ಕೂಸಿರುವವಳು ಮಡಿಲಕ್ಕಿ ಬಿಸಾಡುತ್ತಾಳೆಯೇ? ಗಡಿಕಲ್ಲು ದಾಟಿ ನಾಲ್ಕು ಹೆಜ್ಜೆ ಬಂದು, ಮೆಲ್ಲಗೆ ಬಗ್ಗಿ, ಬುಟ್ಟಿಯನ್ನು ನೆಲಕ್ಕೆ ಇಳಿಸಿದಳು.

"ಯಾಕಣ್ಣ ಹಂಗ್ ಕೂಗ್ತೀಯ? ಮಡಿಲಕ್ಕಿ ಕಣಣ್ಣ. ನಮ್ಮತ್ತೆ ತುಂಬಿ ಕಳಿಸವ್ರೆ."

ಬುಟ್ಟಿಯ ತುಂಬ ಅಕ್ಕಿ, ಅದರ ಮೇಲೆ ಅರಿಶಿನ, ಕುಂಕುಮ, ಹಸಿರು ಬಳೆ, ಕಣ, ಕಾಯಿ.

"ಇಳಿಸ್ಬಿಟ್ಲು ಕಣ್ರೋ," ಎಂದ ಪಕ್ಕದಲ್ಲಿದ್ದ ಈರಭದ್ರಪ್ಪ. ಮೊದಲ ಕಲ್ಲು ಅವನದು.

ನಾನು ದೊಣ್ಣೆ ಬೀಸಿದೆ. ಅವನ ದವಡೆ ಮುರಿದು ಹಲ್ಲು ನೆಲಕ್ಕೆ ಬಿದ್ದವು. ಇನ್ನೊಬ್ಬನ ಮೊಣಕಾಲು ಮುರಿದೆ. ಮೂವರು ನನ್ನನ್ನು ಕೆಡವಿ ಬೆನ್ನ ಮೇಲೆ ಕೂತರು, ಮುಖ ಮಣ್ಣಿಗೆ ಒತ್ತಿತ್ತು. ಉಳಿದವರು ಹೊಡೆಯುವುದು ಒಂದು ಕಣ್ಣಿಗೆ ಕಾಣುತ್ತಿತ್ತು. ಹುಚ್ಚಮ್ಮ ಎರಡೂ ಕೈಗಳನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದಳು. ತಲೆಗೆ ಅಡ್ಡ ಹಿಡಿಯಲು ಕೈ ಉಳಿದಿರಲಿಲ್ಲ.

ಪ್ಲೇಗಿನಲ್ಲಿ ಸತ್ತಳೆಂದು ಪಟೇಲರು ಬರೆಸಿದರು. ಇಡೀ ಊರು ನನ್ನನ್ನು ಸುತ್ತುವರಿದು ನಿಂತಿತ್ತು. ನಾನೂ ಹೆಬ್ಬೆಟ್ಟು ಒತ್ತಿದೆ, ಥೂ.

ಆ ವರ್ಷ ನಮ್ಮೂರಿಗೆ ಪ್ಲೇಗು ಬರಲಿಲ್ಲ. ಮಾರಿಯನ್ನು ತಡೆದೆವೆಂದು ಗುಡಿಯ ಮುಂದೆ ಕುರಿ ಕಡಿದರು. ನನ್ನ ಪಾಲನ್ನು ಮನೆಗೇ ತಂದುಕೊಟ್ಟರು.

ಮರುವರ್ಷ ಗುಬ್ಬಿಕಟ್ಟೆಯಲ್ಲಿ ಮತ್ತೆ ಇಲಿ ಬಿದ್ದವು. "ನಿನ್ನಂಥ ಗಟ್ಟಿ ಕೈ ಯಾರಿಗೈತೆ ಕೆಂಚಪ್ಪ, ನೀನೇ ನಿಂತ್ಕೋ," ಎಂದರು ಪಟೇಲರು. ನಿಂತೆ. ಜೊತೆಯವರು ಉಣ್ಣಲು ಹೋದ ಹೊತ್ತಿಗೆ ಆ ಊರಿನ ಇಬ್ಬರು ಮುದುಕಿಯರು ಬುಟ್ಟಿ ಹೊತ್ತು ಬಂದು, ನನ್ನನ್ನು ಕಂಡು ಮರಗಟ್ಟಿದರು.

"ಇಳಿಸಿ ಹೋಗಿ," ಎಂದೆ.

ಅವರು ಹೋದ ಮೇಲೆ ಬುಟ್ಟಿಯನ್ನು ನಾನೇ ಹೊತ್ತು, ತೋಟದ ಬೇಲಿ ಸುತ್ತಿಕೊಂಡು, ಈರಭದ್ರಪ್ಪನ ಹಿತ್ತಿಲ ಹುಲ್ಲುಮೆದೆಯೊಳಗೆ ಇಟ್ಟು ಬಂದೆ.

ಹದಿನೆಂಟನೆಯ ದಿನ ಅವನು ನನ್ನ ಬಾಗಿಲಿಗೆ ಬಂದ. ದವಡೆ ಸೊಟ್ಟಗೆ ಕೂಡಿತ್ತು, ಮಾತು ತೊದಲುತ್ತಿತ್ತು.

"ಕೆಂಚಣ್ಣ, ಪ್ಲೇಗಲ್ಲಿ ನಮ್ ಕೂಸು ಹೋಗ್ಬಿಡ್ತು. ಮುಟ್ಟಕ್ಕೆ ಯಾರೂ ಬರ್ತಿಲ್ಲ. ನೀನಾದ್ರೂ ಬಾರಣ್ಣ."

ಗುದ್ದಲಿ ತೆಗೆದುಕೊಂಡು ಹೋದೆ. ಮೊಣಕಾಲುದ್ದ ತೋಡಿದರೆ ಸಾಕಾಯಿತು. ಅವನು ಕೂಸನ್ನು ನನ್ನ ಕೈಗೆ ಕೊಟ್ಟು ನನ್ನ ಕಾಲು ಹಿಡಿದು ಅತ್ತ. ಹತ್ತು ತಿಂಗಳ ಹೆಣ್ಣುಕೂಸು. ಹುಚ್ಚಮ್ಮನದು ಹುಟ್ಟಿದ್ದರೆ ಅಷ್ಟೇ ಆಗಿರುತ್ತಿತ್ತು.